ಸೈಕಾಲಜಿಸ್ಟ್ ಯಾಕೆ ನಿಮ್ಮ ಕಾಫಿ, ಸಾಲ, ಅಪ್ಪನ ಬಗ್ಗೆ ಕೇಳುತ್ತಾರೆ?

"ರಿಪೋರ್ಟೆಲ್ಲ ನಾರ್ಮಲ್ ಇದೆ. ಒಂದ್ಸಲ ಸೈಕಾಲಜಿಸ್ಟ್ ಹತ್ರ ಮಾತಾಡಿ ನೋಡಿ." ಬೆಂಗಳೂರಿನ ಫ್ಯಾಮಿಲಿ ಡಾಕ್ಟರುಗಳ ಬಾಯಲ್ಲಿ ಈ ಮಾತು ಈಗ ಆಗಾಗ ಕೇಳಿಬರುತ್ತದೆ. ಕೇಳಿಸಿಕೊಂಡವರಿಗೆ ಮೊದಲು ಆಗುವುದು ಸಣ್ಣದೊಂದು ಅವಮಾನ. ನನಗೇನು ತಲೆ ಕೆಟ್ಟಿದೆಯಾ? ನನ್ನ ನೋವು ಸುಳ್ಳು ಅಂತಾರಾ ಈ ಡಾಕ್ಟ್ರು? ಅದನ್ನು ನುಂಗಿಕೊಂಡು ಹೋದರೆ ಅಲ್ಲಿ ಇನ್ನೊಂದು ಗೊಂದಲ. ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡರೆ ಎದುರಿಗೆ ಕೂತವರು ಕೇಳುವುದೇ ಬೇರೆ. ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ, ಸಾಲ ಎಷ್ಟಿದೆ, ಅಪ್ಪ ಯಾವ ವಯಸ್ಸಿನಲ್ಲಿ ತೀರಿಕೊಂಡರು, ಕಷ್ಟ ಬಂದಾಗ ಮೊದಲು ಯಾರಿಗೆ ಫೋನ್ ಮಾಡುತ್ತೀರಿ.

ಬೇರೆ ದಾರಿ ಕಾಣದೆ ಕೇಳುವ ಪ್ರಶ್ನೆಗಳಲ್ಲ ಇವು. ವಯಸ್ಕರೊಬ್ಬರ ಜೊತೆ ಎದುರುಬದುರು ಕೂತು ಮಾಡುವ ಮನೋಚಿಕಿತ್ಸೆಯಲ್ಲಿ ಒಂದು ಬಗೆಯಿದೆ. ಅದು ತೊಂದರೆಯನ್ನಷ್ಟೇ ಬಿಡಿಸಿ ತೆಗೆದು ನೋಡುವುದಿಲ್ಲ. ಆ ತೊಂದರೆ ಯಾರಿಗೆ ಬಂದಿದೆ, ಎಂಥ ದೇಹಕ್ಕೆ, ಎಂಥ ಮನೆಯೊಳಗೆ, ಬದುಕಿನ ಯಾವ ಹೊತ್ತಿನಲ್ಲಿ ಬಂದಿದೆ ಎಂದು ನೋಡುತ್ತದೆ. ನಗರದ ಎಷ್ಟೋ ಕ್ಲಿನಿಕ್‌ಗಳ ಬೋರ್ಡಿನಲ್ಲಿ 'ಹೋಲಿಸ್ಟಿಕ್' ಎಂದು ಬರೆದಿರುವುದು ಇದನ್ನೇ, ಅಥವಾ ಇದೇ ಆಗಿರಬೇಕಿತ್ತು. ಹೊರಗಿನಿಂದ ನೋಡಿದರೆ ಇದು ಸಡಿಲ ಮಾತುಕತೆಯಂತೆ ಕಾಣುತ್ತದೆ. ಸರಿಯಾಗಿ ಮಾಡಿದಾಗ ಇದರೊಳಗೆ ಸಾಕಷ್ಟು ಬಿಗಿಯಾದ ಶಿಸ್ತಿದೆ.

ಮೊದಲು, ಯಾರು ಯಾರು

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದಿನ ಪದವಿ ಪಡೆದ ಡಾಕ್ಟರು. ಅವರು ಮಾತ್ರೆ ಬರೆಯಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಅದರ ಮೇಲೆ ರೋಗಿಗಳ ಜೊತೆ ಕೆಲಸ ಮಾಡುವ ತರಬೇತಿ ಪಡೆದವರು. 1992ರ ಕಾಯ್ದೆಯ ಪ್ರಕಾರ ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಎನ್ನುವ ಸಂಸ್ಥೆಯಲ್ಲಿ, ನೋಂದಣಿ ಮಾಡಿಸಿರಬೇಕು. ಅವರು ಮಾತ್ರೆ ಬರೆಯುವುದಿಲ್ಲ. ಅವರ ಕೆಲಸ ಪರೀಕ್ಷೆ, ಮೌಲ್ಯಮಾಪನ ಮತ್ತು ಮಾತಿನ ಮೂಲಕ ನಡೆಯುವ ಚಿಕಿತ್ಸೆ. ಇನ್ನು ಆಪ್ತ ಸಮಾಲೋಚಕರು. ಈ ಹೆಸರಿನಡಿ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರೂ ಇದ್ದಾರೆ, ಕೆಲವು ವಾರಗಳ ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡವರೂ ಇದ್ದಾರೆ. ಹಾಗಾಗಿ ಹೆಸರಿಗಿಂತ ತರಬೇತಿ ಏನು ಎಂದು ಕೇಳುವುದು ಒಳ್ಳೆಯದು.

ಈ ವೃತ್ತಿಗೂ ಬೆಂಗಳೂರಿಗೂ ಹಳೆಯ ನಂಟಿದೆ. 1954ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರನ್ನೂ ಆಸ್ಪತ್ರೆಯೊಳಗೇ ತಯಾರು ಮಾಡುವ ಕೋರ್ಸು ಆ ಕಾಲದಲ್ಲೇ ಆರಂಭವಾಯಿತು. 1974ರಲ್ಲಿ ಸಂಸ್ಥೆ, ಆಸ್ಪತ್ರೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎಂಬ ತಮಾಷೆ ಊರಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಆ ತಮಾಷೆಗೆ ಹೆದರಿಯೇ ಎಷ್ಟೋ ಜನ ಹತ್ತಿರದಲ್ಲೇ ಇರುವ ಬಾಗಿಲನ್ನು ತಟ್ಟದೆ ಉಳಿಯುತ್ತಾರೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪಾಲು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇತ್ತು.

ಇಡೀ ಮನುಷ್ಯನನ್ನು ನೋಡುವುದು ಅಂದರೆ

1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಒಂದು ಲೇಖನ ಬರೆದರು. ಕಾಯಿಲೆಯನ್ನು ಬರೀ ದೇಹದ ಕೆಡಕು ಎಂದು ನೋಡುವ ವೈದ್ಯಪದ್ಧತಿ ಅರ್ಧ ಕಣ್ಣಿನಲ್ಲಿ ನೋಡುತ್ತಿದೆ ಎಂಬುದು ಅವರ ವಾದ. ದೇಹ, ಮನಸ್ಸು, ಸುತ್ತಲಿನ ಸಮಾಜ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎಂದರು. ಇಂದು ಮನೋಚಿಕಿತ್ಸೆ ಕಲಿಯುವ ವಿದ್ಯಾರ್ಥಿಗೆ ಈ ಜೈವಿಕ-ಮಾನಸಿಕ-ಸಾಮಾಜಿಕ ಚೌಕಟ್ಟು ಮೊದಲ ಪಾಠಗಳಲ್ಲಿ ಒಂದು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞ ಇನ್ನೊಂದು ದಿಕ್ಕಿನಿಂದ ಇದೇ ಕಡೆಗೆ ಬಂದಿದ್ದರು. ಎದುರಿಗಿರುವವರನ್ನು ತೂಗಿ ನೋಡದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ಅರಿಯುವುದು, ಚಿಕಿತ್ಸಕ ತಾನೂ ನಾಟಕವಾಡದೆ ಇರುವುದು, ಈ ಮೂರಿಲ್ಲದಿದ್ದರೆ ಯಾವ ತಂತ್ರವೂ ನಾಟುವುದಿಲ್ಲ ಎಂಬುದು ಅವರ ನಿಲುವು.

ನಮ್ಮಲ್ಲೂ ಈ ಬಗ್ಗೆ ಯೋಚನೆ ನಡೆದಿತ್ತು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನು ಭಾರತದ ಮನೋಚಿಕಿತ್ಸೆಗೆ ಒಂದು ಮಾದರಿಯಾಗಿ ಮುಂದಿಟ್ಟರು. ಪಶ್ಚಿಮದ ಚಿಕಿತ್ಸಕ ದೂರದಲ್ಲಿ ಕೂತು ಕೇಳುತ್ತಾನೆ, ಇಲ್ಲಿ ಬರುವವರು ದಾರಿ ತೋರಿಸುವ ಒಬ್ಬ ಹಿರಿಯರನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ಅವರು ಕಂಡ ವ್ಯತ್ಯಾಸ. "ನೀವೇ ಹೇಳಿ ಮೇಡಂ, ನಾನೇನು ಮಾಡ್ಲಿ?" ಎಂಬ ಪ್ರಶ್ನೆಯನ್ನು ದಿನವೂ ಕೇಳುವ ಇಲ್ಲಿನ ಸೈಕಾಲಜಿಸ್ಟ್‌ಗಳಿಗೆ ನೇಕಿ ಹೇಳಿದ್ದು ಚೆನ್ನಾಗಿ ಗೊತ್ತು. ಗುರುವಿನ ಪೀಠದಲ್ಲಿ ಪೂರ್ತಿ ಕೂತುಬಿಟ್ಟರೆ ಎದುರಿಗಿರುವವರು ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ. ಆ ಪೀಠವನ್ನು ಪೂರ್ತಿ ನಿರಾಕರಿಸಿದರೆ ಎರಡನೇ ವಾರ ಅವರು ಬರುವುದೇ ಇಲ್ಲ.

ಬೆಂಗಳೂರಿನವರಿಗೆ ಗೊತ್ತಿರುವ ಒಂದು ಹೋಲಿಕೆ ಕೊಡಬಹುದು. ಜೋರು ಮಳೆಗೆ ಬಡಾವಣೆಯ ನೆಲಮಾಳಿಗೆಗೆ ನೀರು ನುಗ್ಗಿದೆ. ಮೊದಲು ಪಂಪು ತಂದು ನೀರು ಹೊರಹಾಕಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪ್ರತಿ ಮಳೆಗೂ ಇದೇ ಕತೆಯಾದರೆ ಯಾರಾದರೂ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹೋಗುವ ರಾಜಕಾಲುವೆಯ ಉದ್ದಕ್ಕೂ ನಡೆದು ನೋಡಬೇಕು. ಎಲ್ಲಿ ಹೂಳು ತುಂಬಿದೆ, ಎಲ್ಲಿ ಕಾಲುವೆ ಕಿರಿದಾಗಿದೆ, ಎಲ್ಲಿ ಯಾರೋ ಗೋಡೆ ಕಟ್ಟಿದ್ದಾರೆ. ಲಕ್ಷಣವನ್ನು ತಗ್ಗಿಸುವುದು ಪಂಪಿನ ಕೆಲಸ. ಇಡೀ ಮನುಷ್ಯನನ್ನು ನೋಡುವುದು ಕಾಲುವೆಯ ಗುಂಟ ನಡೆಯುವ ಕೆಲಸ. ಒಳ್ಳೆಯ ಚಿಕಿತ್ಸೆಗೆ ಎರಡೂ ಬೇಕು, ಪಂಪು ಮೊದಲು.

ಒಬ್ಬರನ್ನು ಕಲ್ಪಿಸಿಕೊಳ್ಳಿ

ಇಲ್ಲಿಂದ ಮುಂದಕ್ಕೆ ಒಬ್ಬ ಕಲ್ಪಿತ ವ್ಯಕ್ತಿಯನ್ನು ಇಟ್ಟುಕೊಳ್ಳೋಣ. ವಯಸ್ಸು 44. ಊರು ಶಿರಾ ಕಡೆ. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಕೆಲವು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಇನ್ನೇನು ಜೀವ ಹೋಯಿತು ಅನಿಸುತ್ತದೆ. ಎರಡು ಸಲ ರಾತ್ರಿ ಹೊತ್ತು ಆಟೊ ಹಿಡಿದು ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಿದ್ದಾರೆ. ಇಸಿಜಿ ಸರಿ, ಎಕೊ ಸರಿ, ಟಿಎಂಟಿ ಸರಿ. "ಗ್ಯಾಸ್ಟ್ರಿಕ್ ಇರ್ಬೇಕು" ಎಂದು ಅಕ್ಕಪಕ್ಕದವರು, "ಟೆನ್ಶನ್ ಮಾಡ್ಕೋಬೇಡ" ಎಂದು ಭಾವಮೈದ.

ಲಕ್ಷಣದ ಹೆಸರು ಕಷ್ಟದ್ದಲ್ಲ. ಇದು ಪ್ಯಾನಿಕ್ ಅಟ್ಯಾಕ್. ಹೇಗೆ ನಡೆಯುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ಸುಳಿ ಇದು. ದೇಹದಲ್ಲಿ ಒಂದು ಸಣ್ಣ ಬದಲಾವಣೆ, ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮನಸ್ಸು ಅದನ್ನು ಹಾರ್ಟ್ ಅಟ್ಯಾಕ್ ಎಂದು ಓದಿಕೊಳ್ಳುತ್ತದೆ. ಗಾಬರಿಗೆ ಅಡ್ರಿನಲಿನ್ ಹರಿಯುತ್ತದೆ, ಬಡಿತ ಇನ್ನೂ ಏರುತ್ತದೆ. ಏರಿದ ಬಡಿತ ಭಯಕ್ಕೆ ಸಾಕ್ಷಿ ಹೇಳುತ್ತದೆ. ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ನೋವು ನಿಜ, ಬೆವರು ನಿಜ, ಹೃದಯ ಮಾತ್ರ ಗಟ್ಟಿಯಾಗಿದೆ.

ಲಕ್ಷಣವನ್ನಷ್ಟೇ ನೋಡುವ ಚಿಕಿತ್ಸೆ ಈ ಸುಳಿಯನ್ನು ಕತ್ತರಿಸಲು ಕಲಿಸಿ ಕಳಿಸುತ್ತದೆ. ಅದರಿಂದ ಎಷ್ಟೋ ಜನರಿಗೆ ಗುಣವೂ ಆಗುತ್ತದೆ. ಇಡೀ ವ್ಯಕ್ತಿಯನ್ನು ನೋಡುವವರು ಇನ್ನೊಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ: ಇವರಿಗೇ ಯಾಕೆ, ಈಗಲೇ ಯಾಕೆ, ಹೀಗೇ ಯಾಕೆ? ಮೂರ್ನಾಲ್ಕು ಭೇಟಿಗಳಲ್ಲಿ ಸಂಗತಿಗಳು ಒಂದೊಂದಾಗಿ ಹೊರಬರುತ್ತವೆ. ಅಪ್ಪ 45ನೇ ವಯಸ್ಸಿನಲ್ಲಿ ಹೊಲದಲ್ಲೇ ಕುಸಿದು ತೀರಿಕೊಂಡರು, ಆಗ ಇವರಿಗೆ 16. ಮುಂದಿನ ಹುಟ್ಟುಹಬ್ಬಕ್ಕೆ ಇವರಿಗೂ 45. ಮನೆಯ ದೊಡ್ಡ ಮಗನಾಗಿ ಅಂದು ಅಳಲಿಲ್ಲ, ತಮ್ಮಂದಿರನ್ನು ಓದಿಸಿದರು. ಕಳೆದ ವರ್ಷ ಕೈಸಾಲ ಮಾಡಿ ಒಂದು ಸೈಟು ಕೊಂಡರು, ಅದು ಬಿ ಖಾತಾ, ಬ್ಯಾಂಕಿನವರು ಮನೆ ಕಟ್ಟಲು ಸಾಲ ಕೊಡಲು ಒಪ್ಪುತ್ತಿಲ್ಲ. ಹೆಂಡತಿಗೆ ಸಾಲದ ಪೂರ್ತಿ ಮೊತ್ತ ಗೊತ್ತಿಲ್ಲ. ತೂಕಡಿಸದಿರಲೆಂದು ಆಫೀಸಿನಲ್ಲಿ ಆರೇಳು ಲೋಟ ಕಾಫಿ, ರಾತ್ರಿ ನಿದ್ದೆ ಬರಲೆಂದು ಒಂದು ಕ್ವಾರ್ಟರ್. ಈಗ ದಾಸರಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದಾರೆ, ಲಿಫ್ಟೇ ಬೇಕು, ಎದೆ ಬಡಿದುಕೊಂಡರೆ ಎಂಬ ಭಯ.

ಈ ಸಂಗತಿಗಳನ್ನು ಸುಮ್ಮನೆ ಬರೆದಿಟ್ಟರೆ ಅದು ಬರೀ ಜೀವನಕತೆ. ಸೈಕಾಲಜಿಸ್ಟ್ ಅವುಗಳನ್ನು ಜೋಡಿಸುತ್ತಾರೆ. ವೃತ್ತಿಯಲ್ಲಿ ಇದನ್ನು ಫಾರ್ಮುಲೇಷನ್ ಎನ್ನುತ್ತಾರೆ. ಯಾವುದು ಈ ತೊಂದರೆಗೆ ಹಿಂದಿನಿಂದಲೇ ನೆಲ ಹದ ಮಾಡಿತ್ತು? ಅಪ್ಪನ ಸಾವು, ಅಳದೆ ಉಳಿದ ದುಃಖ. ಯಾವುದು ಕಿಡಿ ಹಚ್ಚಿತು? ಸೈಟಿನ ಸಾಲ, ಹತ್ತಿರವಾಗುತ್ತಿರುವ 45. ಯಾವುದು ಅದನ್ನು ಆರದಂತೆ ಉಳಿಸಿದೆ? ಕಾಫಿ, ಮದ್ಯ, ಮೆಟ್ಟಿಲು ತಪ್ಪಿಸುವುದು, ಹೆಂಡತಿಯಿಂದ ಮುಚ್ಚಿಟ್ಟ ಲೆಕ್ಕ. ಯಾವುದು ಇವರನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದೆ? ಕೆಲಸದಲ್ಲಿ ನಂಬಿಕೆ ಗಳಿಸಿದ್ದಾರೆ, ಮಗಳ ಮೇಲೆ ಪ್ರೀತಿ, ಭಾನುವಾರದ ಭಜನಾ ಮಂಡಳಿ, ಓಡಿ ಬರುವ ತಮ್ಮಂದಿರು. ಈ ಕೊನೆಯ ಪ್ರಶ್ನೆಯನ್ನು ಅವಸರದ ಚಿಕಿತ್ಸಕರು ಮರೆಯುತ್ತಾರೆ. ಚೇತರಿಕೆ ಕಟ್ಟುವುದಕ್ಕೆ ಕೈಗೆ ಸಿಗುವ ಸಾಮಾನು ಅಲ್ಲೇ ಇರುತ್ತದೆ.

ಜೋಡಿಸಿದ್ದನ್ನು ಸೈಕಾಲಜಿಸ್ಟ್ ತಮ್ಮ ಫೈಲಿನಲ್ಲಿ ಬಚ್ಚಿಡುವುದಿಲ್ಲ. "ನನಗೆ ಹೀಗೆ ಕಾಣ್ತಿದೆ, ನಿಮಗೇನನ್ಸುತ್ತೆ?" ಎಂದು ಎದುರಿಗೇ ಇಡುತ್ತಾರೆ. "ಅಪ್ಪನ ವಿಷಯ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ ಮೇಡಂ" ಎಂದು ಅವರು ಹೇಳಬಹುದು. "ಅದೆಲ್ಲ ಹಳೇದು, ನನ್ನ ತಲೆ ತಿನ್ತಿರೋದು ಸಾಲ" ಎನ್ನಲೂಬಹುದು. ಎರಡನೆಯದನ್ನು ಹೇಳಿದರೆ ಜೋಡಣೆ ಬದಲಾಗಬೇಕು. ತಮ್ಮ ವಿವರಣೆಗೇ ಅಂಟಿಕೊಂಡು ಕೂರುವವರು ಎಷ್ಟು ಓದಿದ್ದರೂ ಈ ವಿಧಾನದವರಲ್ಲ.

ಕೋಣೆಯೊಳಗೆ ನಡೆಯುವುದು

ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, 45 ನಿಮಿಷದಿಂದ ಒಂದು ಗಂಟೆ. ಮೊದಲ ಒಂದೆರಡು ಭೇಟಿ ಬಹುತೇಕ ಕೇಳುವುದಕ್ಕೇ ಹೋಗುತ್ತದೆ. ಕೆಲವರು ಪ್ರಶ್ನಾವಳಿ ತುಂಬಿಸುತ್ತಾರೆ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆಗಳಿರುತ್ತವೆ, ಅಂಕ 0ಯಿಂದ 27. ಅದು ರೋಗನಿರ್ಣಯವಲ್ಲ, ಜ್ವರ ನೋಡುವ ಥರ್ಮಾಮೀಟರಿನಷ್ಟೇ ಅದರ ಕೆಲಸ. ಸುಧಾರಣೆ ಆಗುತ್ತಿದೆಯೇ ಎಂದು ತಿಳಿಯಲು ಮತ್ತೆ ಮತ್ತೆ ತುಂಬಿಸುತ್ತಾರೆ.

ಆಮೇಲೆ ಗುರಿ ಬರೆದುಕೊಳ್ಳುತ್ತಾರೆ. "ನೆಮ್ಮದಿ ಬೇಕು" ಎಂಬುದನ್ನು ಇಟ್ಟುಕೊಂಡು ಕೆಲಸ ಮಾಡುವುದು ಕಷ್ಟ. "ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬೇಕು", "ಸಾಲದ ಲೆಕ್ಕ ಮನೆಯಲ್ಲಿ ಹೇಳಬೇಕು", "ರಾತ್ರಿ ಕುಡಿಯದೆ ಮಲಗಬೇಕು" ಎಂದಾದರೆ ಮಾಡಬಹುದು.

ನಮ್ಮ ಪೀಣ್ಯದ ಲೆಕ್ಕಿಗರಿಗೆ ಮೊದಲು ಪಂಪಿನ ಕೆಲಸ. ಪ್ಯಾನಿಕ್‌ನ ಸುಳಿಯನ್ನು ಹಾಳೆಯ ಮೇಲೆ ಬರೆದು ತೋರಿಸುತ್ತಾರೆ. ಆಮೇಲೆ ಕೋಣೆಯೊಳಗೇ ಒಂದು ನಿಮಿಷ ನಿಂತಲ್ಲೇ ಓಡಲು ಹೇಳಿ, ಎದೆ ಬಡಿತವನ್ನು ಬೇಕೆಂದೇ ಏರಿಸುತ್ತಾರೆ. ಬಡಿತ ಏರಿತು, ಏನೂ ಆಗಲಿಲ್ಲ, ಇಳಿಯಿತು. ಇದನ್ನು ಹತ್ತಾರು ಬಾರಿ ಮಾಡಿದಾಗ ಬಾಯಿಮಾತಿನ ಸಮಾಧಾನದಿಂದ ಕಲಿಯದ್ದನ್ನು ದೇಹ ಕಲಿಯುತ್ತದೆ. ಮುಂದಿನ ವಾರದ ಮನೆಕೆಲಸ ಮೆಟ್ರೊ ಮೆಟ್ಟಿಲು. ಇದು ಅರಿವು-ವರ್ತನೆ ಚಿಕಿತ್ಸೆಯ, ಅಂದರೆ ಸಿಬಿಟಿಯ ದಾರಿ. ಅದರ ಬೇರು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಮಾಡಿದ ಕೆಲಸದಲ್ಲಿದೆ.

ಸುಳಿ ಸಡಿಲವಾದ ಮೇಲೆ ದಾರಿ ಬದಲಾಗುತ್ತದೆ. ಅಪ್ಪನ ಸಾವಿನ ದಿನದ ಬಗ್ಗೆ ಮಾತಾಡಲು ಸಿಬಿಟಿಯ ಹಾಳೆ ಅಷ್ಟಾಗಿ ನೆರವಾಗದು. ಅಲ್ಲಿ ದುಃಖಕ್ಕೆ ಜಾಗ ಕೊಡುವ, ನಿಧಾನವಾಗಿ ಕೇಳುವ ಕೆಲಸ. 16ರ ಹುಡುಗ ಅಂದು ಆಡದೆ ಉಳಿಸಿಕೊಂಡ ಮಾತನ್ನು ಖಾಲಿ ಕುರ್ಚಿಯ ಎದುರು ಆಡಿಸುವ ಚಿಕಿತ್ಸಕರಿದ್ದಾರೆ, ಅಪ್ಪನಿಗೊಂದು ಪತ್ರ ಬರೆಸುವವರಿದ್ದಾರೆ. ಹೆಂಡತಿಗೆ ಸಾಲದ ವಿಷಯ ಹೇಳುವುದನ್ನು ಮೊದಲು ಕೋಣೆಯಲ್ಲಿ ಆಡಿ ನೋಡುವುದೂ ಉಂಟು. ಹೀಗೆ ಬೇರೆ ಬೇರೆ ಪಂಥಗಳಿಂದ ಎರವಲು ಪಡೆಯುವುದು ಈ ವಿಧಾನದ ಶಕ್ತಿ, ಅದರ ಅಪಾಯವೂ ಅಲ್ಲೇ. ಯಾವುದನ್ನು ಯಾಕೆ ಈಗ ಬಳಸುತ್ತಿದ್ದೇನೆ ಎಂದು ಹೇಳಲಾಗದ ಚಿಕಿತ್ಸಕರ ಕೈಯಲ್ಲಿ ಇದು ಕಲಸುಮೇಲೋಗರ.

ದೇಹ ಮತ್ತು ಮಾತ್ರೆ

ಕಾಫಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಜಾಸ್ತಿ ಕೆಫೀನು ಎದೆ ಬಡಿತ, ಕೈ ನಡುಕ, ಆತಂಕ ಮೂರನ್ನೂ ಕೊಡಬಲ್ಲದು. ಮದ್ಯ ಬೇಗ ನಿದ್ದೆ ತರಿಸುತ್ತದೆ, ಆದರೆ ರಾತ್ರಿಯ ದ್ವಿತೀಯಾರ್ಧದ ನಿದ್ದೆಯನ್ನು ಕೆಡಿಸುತ್ತದೆ. ಇಳಿಯುವಾಗ ಆತಂಕವನ್ನು ಏರಿಸಿ ಹೋಗುತ್ತದೆ.

ಸುಸ್ತು, ಬೇಸರ, ಮರೆವು ಎಂದು ಬಂದವರಿಗೆ ಥೈರಾಯ್ಡ್ ಕಡಿಮೆಯಿರಬಹುದು, ವಿಟಮಿನ್ ಬಿ12 ಅಥವಾ ಕಬ್ಬಿಣದಂಶದ ಕೊರತೆ ಇರಬಹುದು. ಥೈರಾಯ್ಡ್ ಜಾಸ್ತಿಯಾದರೆ ಆತಂಕದಂತೆಯೇ ಕಾಣುತ್ತದೆ. ಗೊರಕೆ ಹೊಡೆದು ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರು ಹಗಲೆಲ್ಲ ಮಂಕಾಗಿರುತ್ತಾರೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಹೆಂಗಸರಿಗೆ ನಿದ್ದೆ, ಮನಸ್ಸು ಎರಡೂ ಏರುಪೇರಾಗುತ್ತವೆ, ಅದನ್ನು ಮನೆಯವರು "ಸಿಡುಕು" ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳದ ಸೈಕಾಲಜಿಸ್ಟ್ ಇಡೀ ಮನುಷ್ಯನನ್ನು ನೋಡುತ್ತಿದ್ದಾರೆ ಎನ್ನಲಾಗದು.

ಮಾತ್ರೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ: ಥೆರಪಿ ಅಂದರೆ ಮಾತ್ರೆ ಬೇಡ ಅನ್ನುವವರಿಗೆ. ಹಾಗೇನಿಲ್ಲ. ಖಿನ್ನತೆ ತೀವ್ರವಾಗಿದ್ದಾಗ ಕೂತು ಮಾತಾಡುವಷ್ಟು ಶಕ್ತಿಯೇ ಇರುವುದಿಲ್ಲ, ಆಗ ಮಾತ್ರೆಯೇ ಮಾತಿಗೆ ದಾರಿ ಮಾಡಿಕೊಡುತ್ತದೆ. ಸೈಕಾಲಜಿಸ್ಟ್ ಮತ್ತು ಮನೋವೈದ್ಯರು ನಿಮ್ಮ ಒಪ್ಪಿಗೆ ಪಡೆದು ಪರಸ್ಪರ ಮಾತಾಡಿಕೊಂಡರೆ ಒಳ್ಳೆಯದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಿ ಎಂದು ಯಾವ ಥೆರಪಿಸ್ಟ್ ಹೇಳಿದರೂ ಎದ್ದು ಬರುವುದು ಕ್ಷೇಮ.

ಮನೆ, ಊರು, ದೇವರು

ಒಬ್ಬರಿಗೇ ಚಿಕಿತ್ಸೆ ಎಂದರೂ ಕೋಣೆಯೊಳಗೆ ಒಬ್ಬರೇ ಬರುವುದಿಲ್ಲ. ಅತ್ತೆಯ ಮಾತು, ತಂಗಿಯ ಮದುವೆ, ಊರಿನ ಜಮೀನು, ಜಾತಿಯ ಕಾರಣಕ್ಕೆ ಕಾಲೇಜಿನಲ್ಲಿ ಕೇಳಿಸಿಕೊಂಡ ಮಾತು, ಎಲ್ಲ ಜೊತೆಗೆ ಬರುತ್ತವೆ. "ನಿಮ್ಮ ಬದುಕು ನಿಮ್ಮದು, ಬೇಡ ಅಂದ್ಬಿಡಿ" ಎಂಬ ಸಲಹೆ ಕೂಡುಕುಟುಂಬದಲ್ಲಿ ಇರುವವರಿಗೆ ಉಪಯೋಗಕ್ಕೆ ಬರುವುದು ಅಪರೂಪ. ಬೇಡ ಅನ್ನದೆಯೂ ಉಸಿರಾಡಲು ಜಾಗ ಮಾಡಿಕೊಳ್ಳುವುದು ಹೇಗೆ ಎಂಬುದು ಇಲ್ಲಿನ ಕೆಲಸ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ಇಂದು ಒಬ್ಬರ ಥೆರಪಿಯಲ್ಲೂ ಅವರು ಬಯಸಿದರೆ ಹೆಂಡತಿಯನ್ನೋ ಅಣ್ಣನನ್ನೋ ಒಂದು ಸೆಷನ್‌ಗೆ ಕರೆಯುವುದುಂಟು.

ನಂಬಿಕೆಯದ್ದೂ ಹಾಗೆಯೇ. ಹರಕೆ, ಶಾಸ್ತ್ರ ಕೇಳಿಸುವುದು, ದರ್ಗಾಕ್ಕೆ ಹೋಗುವುದು ಎಲ್ಲ ಮುಗಿಸಿ ಕೊನೆಗೆ ಕ್ಲಿನಿಕ್ಕಿಗೆ ಬರುವವರು ಬಹಳ. ಸೈಕಾಲಜಿಸ್ಟ್ ಅದನ್ನು ಗೇಲಿ ಮಾಡುವುದಿಲ್ಲ, ಹೊಗಳುವುದೂ ಇಲ್ಲ. ಅದರಿಂದ ಬಲ ಸಿಗುತ್ತಿದೆಯೇ, ಭಯ ಹೆಚ್ಚುತ್ತಿದೆಯೇ ಎಂದು ಕೇಳುತ್ತಾರೆ. ಭಜನಾ ಮಂಡಳಿಯಲ್ಲಿ ಬಲ ಸಿಗುತ್ತಿದ್ದರೆ ಅದು ಚಿಕಿತ್ಸೆಯ ಯೋಜನೆಯೊಳಗೆ ಬರುತ್ತದೆ.

ಭಾಷೆ ಇಲ್ಲಿ ಸಣ್ಣ ಸಂಗತಿಯಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋತಂಗೆ, ತಲೆ ಕಾದಂಗೆ ಎಂದು ನಾವು ಹೇಳುವುದು ದೇಹದ ಮೂಲಕ. ಇಂಗ್ಲಿಷಿನಲ್ಲಿ ಒಂದು ಗಂಟೆ ವಿವರಿಸಿ ದಣಿದವರು ಕನ್ನಡಕ್ಕೆ ತಿರುಗಿದ ಕ್ಷಣ ಕಣ್ಣೀರು ಬರುವುದನ್ನು ಚಿಕಿತ್ಸಕರು ಬಲ್ಲರು. ಬೆಂಗಳೂರಿನಲ್ಲಿ ಥೆರಪಿ ಇಂಗ್ಲಿಷಿನದೇ ಎಂಬ ಭಾವನೆ ಬೇಡ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಕೇಳಬಹುದು, ಕೇಳಬೇಕು.

ಹೇಳಿದ್ದು ಹೊರಗೆ ಹೋಗುತ್ತದೆಯೇ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕೆಂಬುದು ಚಿಕಿತ್ಸೆ ಪಡೆಯುವವರ ಹಕ್ಕು. ಕಂಪನಿಯ ಎಚ್.ಆರ್. ಕೇಳಿದರೂ ನಿಮ್ಮ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಗಂಡ, ಅಪ್ಪ, ಅಮ್ಮ ಫೋನ್ ಮಾಡಿ "ಏನಂತಾಳೆ ಮೇಡಂ?" ಎಂದರೂ ಅಷ್ಟೇ. ಮಾಹಿತಿ ಹೊರಗೆ ಹೋಗಬಹುದಾದ ಸಂದರ್ಭಗಳು ಕಡಿಮೆ: ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು. ಒಳ್ಳೆಯ ಸೈಕಾಲಜಿಸ್ಟ್ ಈ ಮಿತಿಗಳನ್ನು ಮೊದಲ ದಿನವೇ ಹೇಳುತ್ತಾರೆ.

ಇದರಿಂದ ಗುಣ ಆಗುತ್ತದಾ?

ಉತ್ತರವನ್ನು ಎರಡಾಗಿ ಕೊಡಬೇಕು. 'ಇಡೀ ಮನುಷ್ಯನಿಗೆ ಚಿಕಿತ್ಸೆ' ಎಂಬುದು ಔಷಧಿಯಂತೆ ಪರೀಕ್ಷೆಗೆ ಒಳಪಡಿಸಿದ ಒಂದೇ ವಿಧಾನವಲ್ಲ, ಅದೊಂದು ನೋಟ. ಅದರೊಳಗೆ ಬಳಸುವ ಸಾಧನಗಳಿಗೆ ಬೇರೆ ಬೇರೆ ಮಟ್ಟದ ಪುರಾವೆ ಇದೆ. ಪ್ಯಾನಿಕ್, ಖಿನ್ನತೆ, ಗೀಳಿನ ತೊಂದರೆಗಳಿಗೆ ಸಿಬಿಟಿ ಚೆನ್ನಾಗಿ ಪರೀಕ್ಷಿತವಾಗಿದೆ. ಇನ್ನೊಂದು, ಯಾವ ಪಂಥದ ಚಿಕಿತ್ಸೆಯಾದರೂ ಚಿಕಿತ್ಸಕ ಮತ್ತು ಬಂದವರ ನಡುವಿನ ಹೊಂದಾಣಿಕೆ ಚೆನ್ನಾಗಿದ್ದಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಈ ಹೊಂದಾಣಿಕೆಯನ್ನು ಮೂರಾಗಿ ಬಿಡಿಸಿದರು: ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ನಂಬಿಕೆ. ಬರೀ "ಮೇಡಂ ತುಂಬಾ ಒಳ್ಳೆಯವರು" ಅನ್ನುವುದು ಈ ಮೂರರಲ್ಲಿ ಒಂದು ಮಾತ್ರ.

ಹರಳು, ಶಕ್ತಿಚಕ್ರ, ಹಿಂದಿನ ಜನ್ಮದ ನೆನಪು ಎಂದು ಸೇರಿಸಿಕೊಂಡು 'ಹೋಲಿಸ್ಟಿಕ್' ಬೋರ್ಡು ಹಾಕಿದವರೂ ನಗರದಲ್ಲಿದ್ದಾರೆ. ಅವಕ್ಕೂ ಮೇಲೆ ಹೇಳಿದ್ದಕ್ಕೂ ಸಂಬಂಧವಿಲ್ಲ.

ದುಡ್ಡು ಮತ್ತು ದಿನ

ಖಾಸಗಿಯಲ್ಲಿ ಒಂದು ಸೆಷನ್ನಿಗೆ ಸಾವಿರ ರೂಪಾಯಿ ದಾಟುವುದು ಸಾಮಾನ್ಯ, ಅನುಭವಿಗಳ ಬಳಿ ಅದಕ್ಕೂ ಹೆಚ್ಚು. ಕೆಲವರು ಆದಾಯ ನೋಡಿ ಶುಲ್ಕ ಇಳಿಸುತ್ತಾರೆ, ಕೇಳಲು ಸಂಕೋಚ ಬೇಡ. ನಿಮ್ಹಾನ್ಸ್‌ನಲ್ಲಿ ಕಡಿಮೆ ವೆಚ್ಚ, ಆದರೆ ಸರತಿ ಉದ್ದ. ಬಿಟಿಎಂ ಬಡಾವಣೆಯಲ್ಲಿರುವ ಅದರ ಸ್ವಾಸ್ಥ್ಯ ಕೇಂದ್ರ ಆಸ್ಪತ್ರೆಯ ವಾತಾವರಣಕ್ಕೆ ಹಿಂಜರಿಯುವವರಿಗೆ ಅನುಕೂಲ. 2017ರ ಕಾಯ್ದೆಯ ಪ್ರಕಾರ ವಿಮೆ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕು. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ವಾರದ ಸೆಷನ್ನಿಗಲ್ಲ.

ಒಂದು ನಿರ್ದಿಷ್ಟ ತೊಂದರೆಗೆ ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಸೆಷನ್. ಹಳೆಯ ಗಾಯ, ಸಂಬಂಧಗಳ ತೊಡಕು ಇದ್ದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಬಹುದು. ಮುಗಿಸುವುದನ್ನೂ ಯೋಜಿಸುತ್ತಾರೆ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ತಿಂಗಳಿಗೆ ಇಳಿಯುತ್ತದೆ. ಮತ್ತೆ ಮರುಕಳಿಸುವ ಮುನ್ಸೂಚನೆ ಯಾವುದು, ಆಗ ಏನು ಮಾಡಬೇಕು ಎಂದು ಬರೆದುಕೊಡುತ್ತಾರೆ.

ಕಾಯಬಾರದ ಹೊತ್ತು

ಸಾಯುವ ಆಲೋಚನೆ ಬರುತ್ತಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಇಲ್ಲದ ಧ್ವನಿ ಕೇಳಿಸುವುದು, ಯಾರೋ ಬೆನ್ನು ಹತ್ತಿದ್ದಾರೆಂಬ ಬಲವಾದ ನಂಬಿಕೆ, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಇವುಗಳಿದ್ದರೆ ಮೊದಲು ಮನೋವೈದ್ಯರು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದನ್ನು ವೈದ್ಯರ ನೆರವಿನಲ್ಲೇ ಬಿಡಬೇಕು. ಎದೆನೋವು ಹೊಸದಾಗಿ ಬಂದರೆ ಪ್ಯಾನಿಕ್ ಎಂದು ತಾವೇ ತೀರ್ಮಾನಿಸದೆ ಹೃದಯ ತೋರಿಸಿಕೊಳ್ಳಬೇಕು.

ಹೋಗುವವರು ಕೇಳಬಹುದಾದದ್ದು

ನಿಮ್ಮ ತರಬೇತಿ ಏನು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ ನೋಂದಣಿ ಸಂಖ್ಯೆ ಏನು ಎಂದು ಕೇಳುವುದು ಅವಮರ್ಯಾದೆಯಲ್ಲ. ನನ್ನಂಥ ತೊಂದರೆಯವರ ಜೊತೆ ಕೆಲಸ ಮಾಡಿದ್ದೀರಾ, ಯಾವ ವಿಧಾನ ಬಳಸುತ್ತೀರಿ, ಗುಣವಾಗುತ್ತಿದೆ ಎಂದು ನಮಗೆ ಹೇಗೆ ಗೊತ್ತಾಗುತ್ತದೆ ಎಂದೂ ಕೇಳಬಹುದು. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳಷ್ಟು ಹೇಳುತ್ತದೆ.

ಮೊದಲ ಭೇಟಿಯಲ್ಲೇ ಹಗುರಾಗಬೇಕೆಂದಿಲ್ಲ. ಮುಚ್ಚಿಟ್ಟದ್ದನ್ನು ತೆರೆದ ವಾರ ಕೆಲವರಿಗೆ ಇನ್ನೂ ಕಷ್ಟವಾಗುತ್ತದೆ. ಆದರೆ ನಾಲ್ಕೈದು ಸೆಷನ್ ಆದ ಮೇಲೂ ನಾವು ಏನು ಮಾಡುತ್ತಿದ್ದೇವೆ, ಯಾಕೆ ಮಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗದಿದ್ದರೆ ಅದನ್ನು ಅವರ ಎದುರೇ ಹೇಳಿ. ಹೇಳಿದ ಮೇಲೂ ದಾರಿ ಕಾಣದಿದ್ದರೆ ಬೇರೆಯವರ ಹೆಸರು ಕೊಡಿ ಎಂದು ಅವರನ್ನೇ ಕೇಳಬಹುದು. ವೃತ್ತಿ ಗೊತ್ತಿರುವವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಇಲ್ಲಿಯವರೆಗಿನ ಕೆಲಸದ ಟಿಪ್ಪಣಿಯನ್ನೂ ಬರೆದುಕೊಡುತ್ತಾರೆ.